ಇನ್ನೂರು ಕುದುರೆ, ಒಂದು ಕಲ್ಲು

“ಇನ್ನೂರು ಕುದುರಿ ಪವರ್ ಐತಿ ಇದಕ್ಕ,” ಎಂದಳು ಭಾಗ್ಯಾ, ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ. “ಆ ಬಸ್ ಮೂಡಲಗಿ ಮುಟ್ಟೂದ್ರಾಗ ನಾವು ಓಡಿ, ಗೆದ್ದು, ಐಸ್‌ಕ್ರೀಮ್ ತಿಂದ ಮುಗಿಸಿರ್ತೀವಿ.”

ಕಲ್ಲೋಳಿ ಸ್ಟ್ಯಾಂಡಿನಿಂದ ಎಂಟೂವರೆಯ ಬಸ್ಸು ಹೊರಟುಹೋಯಿತು. ರಿಲೆ ಓಟದ ಹುಡುಗಿಯರು ಅದರಲ್ಲಿ ಇರಲಿಲ್ಲ. ದಾಕ್ಷಾಯಿಣಿ, ಲಕ್ಕವ್ವ ಮತ್ತು ಪದ್ಮಶ್ರೀ ಭಾಗ್ಯಾಳ ಮಾತು ಕೇಳಿ ಅವಳ ಸೋಮಲಿಂಗ ಕಾಕಾನ ಕಾರು ಹತ್ತಿದ್ದರು. ಒಂಬತ್ತೂವರೆಗೆ ಮೈದಾನದಲ್ಲಿ ಹೆಸರು ಕರೆಯುತ್ತಾರೆ. ಆಗ ಇಲ್ಲದ ತಂಡ ಓಡುವಂತಿಲ್ಲ.

ಅದು ಅಂತಿಂಥ ಕಾರಲ್ಲ. ಹುಕ್ಕೇರಿಯ ಗುಜರಿಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಹಳೇ ಕಾರನ್ನು ಕಾಕಾ ಎಳೆದು ತಂದು, ಅದರೊಳಗೆ ಪಿಕಪ್ ಗಾಡಿಯ ದೊಡ್ಡ ಎಂಜಿನ್ ಕೂರಿಸಿದ್ದ. ಹಿಂದಿನ ಗಾಲಿಗಳ ಮೇಲೆ ಟ್ರೇಲರಿನ ದಪ್ಪ ಸ್ಪ್ರಿಂಗ್ ಹಾಕಿ, ಬಾಲ ಎತ್ತಿದ ಹೋರಿಯ ಹಾಗೆ ಕಾರಿನ ಹಿಂಭಾಗವನ್ನು ಮೇಲೆ ಮಾಡಿದ್ದ. ಅದನ್ನು ಸ್ಟಾರ್ಟ್ ಮಾಡಿದರೆ ಗೋಕಾಕ ಫಾಲ್ಸಿನ ನೀರು ಅರ್ಧ ದಾರಿಯಲ್ಲಿ ನಿಂತು, ಯಾರದು ಈ ಸದ್ದು ಎಂದು ಕೇಳುತ್ತಿತ್ತು. ಬೆಲ್ಲದ ಬಾಗೇವಾಡಿಯಲ್ಲಿ ಮಲಗಿದ್ದ ಎಮ್ಮೆ ಎದ್ದು ನಿಲ್ಲುತ್ತಿತ್ತು. ನಂಬದವರು ಹೋಗಿ ಆ ಎಮ್ಮೆಯನ್ನೇ ಕೇಳಬಹುದು.

ಪದ್ಮಶ್ರೀ ನಂಬಲಿಲ್ಲ, ಎಮ್ಮೆಯನ್ನೂ ಕೇಳಲಿಲ್ಲ. ಅವಳಪ್ಪನದು ಗ್ಯಾರೇಜು. ಅವಳು ನಡೆಯಲು ಕಲಿಯುವ ಮೊದಲೇ ನಟ್ಟು ಬಿಚ್ಚುವ ಪಾನಾ ಹಿಡಿಯಲು ಕಲಿತವಳು. ಒಂದು ವಾರದಿಂದ ಊಟದ ಬಿಡುವಿನಲ್ಲಿ ಅವಳಿಗೂ ಭಾಗ್ಯಾಳಿಗೂ ಇದೇ ಜಗಳ. ಎಂಜಿನ್ ದೊಡ್ಡದಿದ್ದರೆ ಗಾಡಿ ಗೋಡೆಯನ್ನೂ ಹತ್ತುತ್ತದೆ ಎಂದು ಭಾಗ್ಯಾ. ಹಿಂದಿನ ಗಾಲಿ ನೆಲ ಹಿಡಿಯದಿದ್ದರೆ ಎಂಜಿನ್ ಬರೀ ಕಿರುಚುತ್ತದೆ, ಅಷ್ಟು ಬಿಗಿ ಸ್ಪ್ರಿಂಗಿಗೆ ಗಾಲಿ ಕುಣಿಯುತ್ತದೆ ಎಂದು ಪದ್ಮಶ್ರೀ. ಇವರ ಜಗಳ ಕೇಳಿ ಕೇಳಿ ಸಾಲೆಯ ಬೇವಿನ ಮರಕ್ಕೂ ಗಾಡಿಯ ಗೇರ್ ಹಾಕಲು ಬರುತ್ತಿತ್ತು.

ಆ ದಿನ ಪದ್ಮಶ್ರೀ ಸುಮ್ಮನೆ ಹತ್ತಿ ಕುಳಿತಿದ್ದಳು. ಓಡುವುದು ಮುಖ್ಯವಾಗಿತ್ತು.

ಊರು ದಾಟಿದ ಕೂಡಲೇ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ಮುಂದೆಲ್ಲೋ ಒಂದು ಟ್ರೇಲರು ರಸ್ತೆಗೆ ಅಡ್ಡಲಾಗಿ ಉರುಳಿತ್ತು. ಬಸ್ಸು ಅದಕ್ಕೂ ಮೊದಲೇ ದಾಟಿಹೋಗಿತ್ತು. ಕಾಕಾ ಮೀಸೆ ತಿರುವಿ, ಕಾಲುವೆ ಪಕ್ಕದ ಹೊಲದ ದಾರಿಗೆ ಕಾರು ಹೊರಳಿಸಿದ. ಯಾರೋ ಹಿಂದಿನ ದಿನ ಕಬ್ಬಿಗೆ ನೀರು ಬಿಟ್ಟಿದ್ದರು. ದಾರಿಯ ಕೊನೆಯಲ್ಲಿ ಒಂದು ಏರು, ಕರಿ ಮಣ್ಣಿನದು, ಮುದ್ದೆಯಷ್ಟು ಮೆತ್ತಗೆ.

ಕಾರು ಅರ್ಧ ಏರಿತು, ನಿಂತಿತು.

ಕಾಕಾ ಎಕ್ಸಿಲೇಟರ್ ಒತ್ತಿದ. ಇನ್ನೂರು ಕುದುರೆಗಳೂ ಒಟ್ಟಿಗೆ ಕೆನೆದವು. ಗಾಲಿ ಗರಗರ ತಿರುಗಿತು, ಕಾರು ಒಂದು ಗೇಣೂ ಅಲ್ಲಾಡಲಿಲ್ಲ. ಭಾರ ಕಡಿಮೆಯಾಗಲಿ ಎಂದು ಅವನು ಎಲ್ಲರನ್ನೂ ಇಳಿಸಿದ. ಇಳಿದ ಮೇಲೆ ಗಾಲಿ ಇನ್ನಷ್ಟು ತಿರುಗಿ, ದಾಕ್ಷಾಯಿಣಿಯ ಬಿಳಿ ಯೂನಿಫಾರ್ಮಿನ ಮೇಲೆ ಒಂದು ಬುಟ್ಟಿ ಕೆಸರು ಎರಚಿತು.

ದಾಕ್ಷಾಯಿಣಿ ಅಳಲಿಲ್ಲ. ಮೂರು ತಿಂಗಳು ದಿನಾ ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ಬರಿಗಾಲಲ್ಲಿ ಓಡಿದ ಹುಡುಗಿ ಅವಳು. “ಒಂಬತ್ತಾತು,” ಎಂದಳು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಭಾಗ್ಯಾಳಿಗೆ.

ಅವಳು ತಲೆ ಕೆಳಗೆ ಹಾಕಿ ಗಾಲಿಯನ್ನೇ ನೋಡಿದಳು. ಅದು ತಿರುಗುತ್ತ ತಿರುಗುತ್ತ ಟಣ್ ಟಣ್ ಎಂದು ಜಿಗಿಯುತ್ತಿತ್ತು. ಈ ಜಿಗಿತವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ನೋಡಿದ್ದಲ್ಲ, ಕುಳಿತು ಅನುಭವಿಸಿದ್ದು.

ಹೊಲ ಹಸನು ಮಾಡಲು ಎತ್ತು ಕಟ್ಟಿ ಕುಂಟೆ ಹೊಡೆಯುವಾಗ, ಬರೀ ಕುಂಟೆ ಹೀಗೆಯೇ ನೆಲದ ಮೇಲೆ ಜಿಗಿಯುತ್ತದೆ. ಅದರ ಮೇಲೆ ಭಾರ ಇಟ್ಟರೆ ಕುಂಟೆಯ ಅಲಗು ಮಣ್ಣು ಕಚ್ಚುತ್ತದೆ. ಅವರ ಹೊಲದಲ್ಲಿ ಆ ಭಾರ ಯಾರು ಎಂಬುದನ್ನು ಭಾಗ್ಯಾ ಯಾರಿಗೂ ಹೇಳಿರಲಿಲ್ಲ. ಸಾಲೆಯಲ್ಲಿ ಅವಳು ಹೇಳಿದ್ದೇ ಬೇರೆ. ಅಜ್ಜನ ಎತ್ತುಗಳು ತನ್ನ ಮಾತನ್ನು ಮಾತ್ರ ಕೇಳುತ್ತವೆ, ನಾಲ್ಕು ಎಕರೆ ಒಂದೇ ದಿನದಲ್ಲಿ ತಾನೇ ಹೊಡೆದೆ ಎಂದು.

ಭಾಗ್ಯಾ ಹೋಗಿ ಕಾರಿನ ಕಿಟಕಿ ಬಡಿದಳು.

“ಕಾಕಾ, ಎಕ್ಸಿಲೇಟರ್ ಬಿಡು. ಡಿಕ್ಕಿಯೊಳಗ ಕಲ್ಲ ಹೇರೂಣು.”

“ಹಗರ ಆಗ್ಲಿ ಅಂತ ನಿಮ್ಮನ್ನ ಇಳಿಸೇನಿ, ನೀ ಕಲ್ಲ ಹೇರ್ತೀಯೇನ?”

“ಖಾಲಿ ಕುಂಟಿನೂ ಹಿಂಗ ಜಿಗೀತೈತಿ. ಭಾರ ಬಿದ್ರ ಮಣ್ಣ ಹಿಡೀತೈತಿ.”

“ನಿನಗ ಹೆಂಗ ಗೊತ್ತು? ನೀ ಎತ್ತ ಹೊಡಿಯಾಕಿ ಅಲ್ಲೇನ,” ಎಂದಳು ಪದ್ಮಶ್ರೀ.

ಭಾಗ್ಯಾ ಕೆಸರಿನಲ್ಲಿ ಹೂತ ತನ್ನ ಶೂ ನೋಡಿದಳು. “ಎತ್ತ ಹೊಡಿಯಾಂವ ನಮ್ಮಜ್ಜ. ನಾ ಕುಂಟಿ ಮ್ಯಾಲ ಕುಂದ್ರಾಕಿ. ಕಲ್ಲಿನ ಬದ್ಲಿ.”

ಯಾರೂ ನಗಲಿಲ್ಲ. ಪದ್ಮಶ್ರೀ ಬಗ್ಗಿ ಗಾಲಿ ನೋಡಿದಳು, ಮೇಲಿನ ದಪ್ಪ ಸ್ಪ್ರಿಂಗ್ ನೋಡಿದಳು. “ಖರೆ ಐತಿ,” ಎಂದಳು. “ಭಾರ ಬಿದ್ರ ಈ ಸ್ಪ್ರಿಂಗೂ ಸ್ವಲ್ಪ ಬಗ್ಗತೈತಿ. ಕಾಕಾ, ಮೆಲ್ಲಕ ಬಿಡ್ರಿ. ಜೋರ ಒತ್ತಬ್ಯಾಡ್ರಿ.”

ಹೊಲದ ಬದುವಿನಿಂದ ಸಾವಿರ ಕಲ್ಲು ಹೊತ್ತು ತಂದರು. ಸರಿ, ಹದಿನಾಲ್ಕು. ಡಿಕ್ಕಿ ತುಂಬಿತು. ಆಮೇಲೆ ಹಿಂದಿನ ಸೀಟಿನಲ್ಲಿ ನಾಲ್ವರೂ ಒತ್ತಿ ಕುಳಿತರು. ಮುಂದೆ ಕಾಕಾನ ಪಕ್ಕದ ಸೀಟು ಖಾಲಿ. ಬಾಲ ಎತ್ತಿದ ಹೋರಿ ಮೆಲ್ಲಗೆ ಕುಂಡೆ ಊರಿತು.

ಕಾಕಾ ಮೀಸೆ ಮುಟ್ಟಲಿಲ್ಲ. ತುಂಬಿದ ಹಾಲಿನ ಲೋಟ ತೊಡೆಯ ಮೇಲೆ ಇಟ್ಟುಕೊಂಡವನಂತೆ ಕಾರು ಬಿಟ್ಟ. ಗಾಲಿ ಒಮ್ಮೆ ಜಾರಿತು, ಆಮೇಲೆ ಕಚ್ಚಿತು. ಇನ್ನೂರು ಕುದುರೆಗಳಲ್ಲಿ ನೂರಾ ತೊಂಬತ್ತು ಮಲಗಿಯೇ ಇದ್ದವು. ಉಳಿದ ಹತ್ತೇ ಕುದುರೆ ಕಾರನ್ನು ಏರು ಹತ್ತಿಸಿದವು.

ಮೂಡಲಗಿ ಮೈದಾನದಲ್ಲಿ, ಬಸ್ಸಿನಲ್ಲಿ ಮೊದಲೇ ಬಂದಿದ್ದ ಆಟದ ಮೇಷ್ಟ್ರು ಸೋಮಶೇಖರ ಸರ್ ಹೆಸರು ಬರೆಯುವವರ ಮೇಜಿನ ಮುಂದೆ ನಿಂತು, ಸಾಲೆಯ ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಹೇಳಿ ಹೊತ್ತು ಕಳೆಯುತ್ತಿದ್ದರು. ಕೆಸರು ಮೆತ್ತಿದ ನಾಲ್ವರು ಓಡಿ ಬಂದರು. ಬೈಯಲು ಸರ್‌ಗೆ ಸಮಯ ಇರಲಿಲ್ಲ.

ಓಟದಲ್ಲಿ ಮೂರನೆಯವರಾಗಿ ಬಂದರು. ಓಡಿದ್ದು ನಾಲ್ಕೇ ತಂಡ. ಸೋಮವಾರ ಸಾಲೆಯಲ್ಲಿ ಅದನ್ನೂ ಯಾರಾದರೂ ಕೇಳುವ ಮೊದಲೇ ಭಾಗ್ಯಾ ಹೇಳಿಬಿಟ್ಟಳು.

ಮುಂದಿನ ರವಿವಾರ ಅಜ್ಜ ಶೆಟ್ಟೆಪ್ಪ ಎತ್ತು ಕಟ್ಟಿದ. ಭಾಗ್ಯಾ ಹೋಗಿ ಕುಂಟೆಯ ಮೇಲೆ ಕುಳಿತಳು. ಅವರ ಹೊಲ ರಸ್ತೆಗೆ ಹತ್ತಿಕೊಂಡೇ ಇದೆ. ರಸ್ತೆಯಲ್ಲಿ ಯಾರಾದರೂ ಬಂದರೆ ಅಜ್ಜನ ಟವೆಲ್ಲು ಮುಖದ ಮೇಲೆ ಎಳೆದುಕೊಳ್ಳುವುದು ಅವಳ ರೂಢಿ.

ಒಂದು ಸೈಕಲ್ ಬಂದು ನಿಂತಿತು. ಪದ್ಮಶ್ರೀ. ಒಂದು ಕಾಲು ನೆಲಕ್ಕೆ ಊರಿ ನೋಡುತ್ತಿದ್ದಳು.

“ಎಷ್ಟ ಕುದುರಿ ಪವರ್ ಐತ್ಲೇ ಅದಕ್ಕ?” ಎಂದು ಕೂಗಿದಳು.

ಟವೆಲ್ಲು ಭಾಗ್ಯಾಳ ಹೆಗಲ ಮೇಲೆಯೇ ಇತ್ತು. ಅವಳು ಅದನ್ನು ಎಳೆಯಲಿಲ್ಲ.

“ಎರಡ ಎತ್ತು,” ಎಂದಳು. “ಒಂದ ಕಲ್ಲು.”

ಆಮೇಲೆ ಸ್ವಲ್ಪ ಸರಿದು, ಕುಂಟೆಯ ಮೇಲೆ ಇನ್ನೊಬ್ಬರಿಗಾಗುವಷ್ಟು ಜಾಗ ಬಿಟ್ಟಳು.