ಮಾರಿ ಈ ಕಡೆ, ಗುರೂಜಿ

ಎಲ್ಲವೂ ಒಂದು ಜಗಳದಿಂದ ಶುರುವಾಯಿತು ಎಂದು ಪ್ರಮಿಳಾ ಆಮೇಲೆ ಎಷ್ಟೋ ಸಲ ನೆನೆದು ನಕ್ಕಿದ್ದಾಳೆ. ಅವತ್ತು ಮಾತ್ರ ನಗು ಬಂದಿರಲಿಲ್ಲ. ಸಿಟ್ಟು ಮಗಳ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಅವಳ ಅವ್ವ ಹೇಳುವುದು ಸುಳ್ಳಲ್ಲ.

ಬೆಳಗಾವಿ ಬಳಿಯ ಖಾನಾಪುರದ ಒಂದು ಅಂಗಳದಲ್ಲಿ ಎರಡು ಸರಕಾರಿ ಶಾಲೆಗಳು. ಒಂದು ಪ್ರಮಿಳಾ ಕಲಿಸುತ್ತಿದ್ದ ಕನ್ನಡದ್ದು, ಇನ್ನೊಂದು ಮರಾಠಿಯದ್ದು. ನಡುವೆ ಸೊಂಟದೆತ್ತರದ ಗೋಡೆ. ಗೋಡೆಯ ಬದಿಗೆ ಒಂದು ಹುಣಸೆಮರ, ಅದರ ಕೊಂಬೆಗೆ ತೂಗುಹಾಕಿದ ರೈಲು ಹಳಿಯ ತುಂಡು. ಎರಡೂ ಶಾಲೆಗೆ ಅದೊಂದೇ ಗಂಟೆ.

ಎರಡು ಸಾವಿರದ ಎರಡನೇ ಇಸವಿಯ ಜುಲೈ. ಮರಾಠಿ ಶಾಲೆಗೆ ಆ ವರ್ಷವೇ ಮಾಸ್ತರನಾಗಿ ಬಂದಿದ್ದ ಸುಜಯ ಗುರೂಜಿ ಒಂದು ಹುಡುಗಿಯ ಕೈ ಹಿಡಿದುಕೊಂಡು ಗೋಡೆಯ ಹತ್ತಿರ ನಿಂತಿದ್ದ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ನೋಟ ಮಾತ್ರ ಮರದ ಮೇಲೆ.

“ಮ್ಯಾಡಮ್, ನಿಮ್ಮ ಹುಡುಗಿ ನಿಮಗ,” ಎಂದ.

“ಯಾರಿಗೆ ಹೇಳಾಕತ್ತೀರಿ ಗುರೂಜಿ? ನನಗೋ, ಹುಣಸಿ ಗಿಡಕ್ಕೋ?”

ಅವನ ಕಿವಿ ಕೆಂಪಾದವು. ಆದರೂ ಮರವನ್ನು ಬಿಡಲಿಲ್ಲ. “ನಿಮಗರೀ. ಏನ್ ಕೇಳಿದ್ರೂ ಇಕಿ ಬಾಯಿ ಬಿಡೂದಿಲ್ಲ. ಮನ್ಯಾಗ ಕನ್ನಡ ಮಾತಾಡತಾರಂತ. ನಮ್ಮ ಮರಾಠಿ ತಿಳಿಯೂದಿಲ್ಲ ಕಾಣತೈತಿ.”

“ಹೋದ ವರ್ಷ ಇಕಿಗೆ ಕನ್ನಡ ತಿಳಿಯೂದಿಲ್ಲಂತ ನಮ್ಮ ಹೆಡ್‌ಮಾಸ್ತರ್ ನಿಮ್ಮ ಕಡೆ ಕಳಿಸ್ಯಾರ. ಈಗ ನೀವು ಈ ಕಡೆ ಒಗೀತೀರಿ. ಹುಡುಗಿ ಏನ್ ವಾಲಿಬಾಲ್ ಏನ್ರಿ?”

ಖಾನಾಪುರದ ಶಾಲೆಗಳಲ್ಲಿ ಅದೊಂದು ಸುಲಭದ ಮದ್ದಾಗಿತ್ತು. ಮಗು ಹಿಂದೆ ಬಿದ್ದರೆ ಭಾಷೆ ಬೇರೆ ಎನ್ನುವುದು, ಗೋಡೆ ದಾಟಿಸಿ ಕೈ ತೊಳೆದುಕೊಳ್ಳುವುದು. ಈ ಹುಡುಗಿ ಮಾಯವ್ವ, ಕುರುಬರ ಮನೆಯವಳು. ಅವಳ ಮನೆಯವರು ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ಮರಾಠಿ ಆಡುವವರು. ಹಾಗಾಗಿ ಎರಡೂ ಶಾಲೆಯವರಿಗೆ ನೆಪ ಸಿಕ್ಕಿತ್ತು. ಮೂರನೇ ತರಗತಿಗೆ ಬಂದರೂ ಹುಡುಗಿಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ.

ಪ್ರಮಿಳಾ ಬೈಯುತ್ತಲೇ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಹುಡುಗಿ ನಡೆಯುತ್ತ ನಡೆಯುತ್ತ ಇವಳ ತುಟಿಗಳನ್ನೇ ನೋಡುತ್ತಿದ್ದಳು.

ಒಂದು ವಾರವೂ ಆಗಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಮಾಯವ್ವ ಮರದ ಬುಡದಲ್ಲಿ ಬೆನ್ನು ಹಾಕಿ ಕೂತು ಹುಣಸೆಬೀಜ ಜೋಡಿಸುತ್ತಿದ್ದಳು. ಅವಳ ತಲೆಯ ಮೇಲೇ ಗಂಟೆ ಬಾರಿಸಿತು. ಎರಡೂ ಶಾಲೆಯ ಮಕ್ಕಳು ಧೂಳೆಬ್ಬಿಸಿಕೊಂಡು ಓಡಿದರು. ಮಾಯವ್ವ ಬೀಜ ಜೋಡಿಸುತ್ತಲೇ ಇದ್ದಳು.

ಪ್ರಮಿಳಾ ಬಾಗಿಲಲ್ಲೇ ನಿಂತುಬಿಟ್ಟಳು. ಗೋಡೆಯಾಚೆ ಸುಜಯನೂ ನಿಂತಿದ್ದ. ಮರುಕ್ಷಣ ಅವನು ಗೋಡೆ ಹಾರಿ ಬಂದು ಹುಡುಗಿಯ ಬೆನ್ನ ಹಿಂದೆ ನಿಂತು ಕರೆದ. “ಮಾಯವ್ವ, ಇಲ್ಲಿ ಬಾ.” ಆಮೇಲೆ ಮರಾಠಿಯಲ್ಲಿ, “ಮಾಯಾ, ಇಕಡೆ ಯೇ.” ಹುಡುಗಿ ತಿರುಗಲಿಲ್ಲ.

ಅವನು ತಲೆಯೆತ್ತಿ ಪ್ರಮಿಳೆಯನ್ನು ನೋಡಿದ. ಮರವನ್ನಲ್ಲ, ಗೋಡೆಯನ್ನಲ್ಲ, ಅವಳನ್ನೇ. ಕಂದು ಕಣ್ಣು, ಹೆಣ್ಣುಮಕ್ಕಳು ಹೊಟ್ಟೆಕಿಚ್ಚುಪಡುವಂಥ ರೆಪ್ಪೆ.

“ಭಾಷಾದ ತ್ರಾಸ ಅಲ್ಲರೀ ಇದು,” ಎಂದ ಮೆಲ್ಲಗೆ. “ಇಕಿಗೆ ಕೇಳಸೂದ ಇಲ್ಲ.”

ಪ್ರಮಿಳೆಗೆ ಎದೆ ಭಾರವಾಯಿತು. ಪಾಪದ ಹುಡುಗಿಯನ್ನು ಇಷ್ಟು ದಿನ ಎಲ್ಲರೂ ಸೇರಿ ದಡ್ಡಿ ಮಾಡಿ ಕೂರಿಸಿದ್ದರು. ಅದರ ನಡುವೆಯೇ ಆ ರೆಪ್ಪೆಗಳು ನೆನಪಿನಲ್ಲಿ ಉಳಿದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸ್ವಲ್ಪ ನಾಚಿಕೆಯೂ ಆಯಿತು.

ಇಂಥ ಮಕ್ಕಳಿಗಾಗಿಯೇ ತಾಲೂಕಿನ ಬಿ.ಆರ್.ಸಿ. ಎಂಬ ಶಿಕ್ಷಣ ಸಂಪನ್ಮೂಲ ಕಚೇರಿಯಲ್ಲಿ ಸೂಫಿಯಾ ಎಂಬ ಶಿಕ್ಷಕಿ ಇದ್ದರು. ಊರೂರಿನ ಶಾಲೆಗೆ ಹೋಗಿ ಕಣ್ಣು, ಕಿವಿ, ಕೈಕಾಲಿನ ತೊಂದರೆ ಇರುವ ಮಕ್ಕಳನ್ನು ನೋಡಿ ದಾರಿ ಹೇಳುವುದು ಅವರ ಕೆಲಸ. ಕರೆದ ಎರಡನೇ ದಿನವೇ ಬಂದರು. ಮಾಯವ್ವನ ಹಿಂದೆ ನಿಂತು ಶೇಂಗಾ ತುಂಬಿದ ಡಬ್ಬಿ ಅಲ್ಲಾಡಿಸಿದರು, ಚಪ್ಪಾಳೆ ತಟ್ಟಿದರು. ಮುಂದೆ ಬಂದು ಬಾಯಿಗೆ ಕಾಗದ ಅಡ್ಡ ಹಿಡಿದು ಮಾತಾಡಿದರು, ಕಾಗದ ತೆಗೆದು ಮಾತಾಡಿದರು.

“ಪೂರಾ ಕಿವುಡಿಲ್ಲ ಇಕಿಗೆ,” ಎಂದರು. “ದಪ್ಪನ್ನ ಆವಾಜ್ ಜೋರ್ ಇದ್ರ ಸ್ವಲ್ಪ ಹೋಗ್ತದ, ಗಂಟಿಯಂಥಾ ಕೀರಲ ಆವಾಜ್ ಹೋಗೂದಿಲ್ಲ. ಉಳಿದದ್ದೆಲ್ಲಾ ತುಟಿ ನೋಡಿ ತಿಳ್ಕೋತಾಳ. ಭಾಳ ಶಾಣ್ಯಾ ಹುಡುಗಿ. ಬೆಳಗಾವಿ ದವಾಖಾನಿಗೆ ಕರ್ಕೊಂಡ ಹೋಗ್ರಿ, ಅಲ್ಲಿ ಮಷಿನ್ ಮ್ಯಾಲೆ ಚೆಕ್ ಮಾಡಿ ಕಿವೀದ ಯಂತ್ರ ಕೊಡಸೂಣು. ಮೊದಲ ಮನಿಯವರು ಒಪ್ಪಬೇಕು.”

ಮನೆಯಲ್ಲಿ ಅಜ್ಜಿ ಬಾಳವ್ವನದೇ ಮಾತು. ಮಗ-ಸೊಸೆ ಕುರಿ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುವವರಲ್ಲ. ಸಂಜೆ ಪ್ರಮಿಳಾ, ಸುಜಯ ಇಬ್ಬರೂ ಹೋದಾಗ ಬಾಳವ್ವ ಅಂಗಳದಲ್ಲಿ ಉಣ್ಣೆ ನೂಲುತ್ತಿದ್ದಳು. ವಿಷಯ ಕೇಳಿ ಮುಖ ಗಂಟುಹಾಕಿದಳು.

“ಕಿವುಡಿ ಅಂತ ಹೆಸರ ಹಚ್ಚಬ್ಯಾಡ್ರಿ ನನ್ನ ಮೊಮ್ಮಗಳಿಗೆ. ನಾಳಿ ಯಾರ ಲಗ್ನಾ ಮಾಡಿಕೋತಾರ ಇಕಿನ್ನ? ನಾ ಕರದ್ರ ಬರತಾಳ. ನೋಡ್ರಿ ಬೇಕಾದ್ರ.”

ಮಾಯವ್ವ ಹೊರಸಿನ ಮಂಚದ ಮೇಲೆ ಆ ಕಡೆ ತಿರುಗಿ ಕೂತಿದ್ದಳು. ಬಾಳವ್ವ ಕೋಲಿನಿಂದ ಹೊರಸಿನ ಕಾಲಿಗೆ ಒಂದು ತಟ್ಟು ತಟ್ಟಿ “ಮಾಯಿ” ಎಂದಳು. ಹುಡುಗಿ ತಟ್ಟನೆ ತಿರುಗಿದಳು.

ಸುಜಯ ಏನೋ ಹೇಳಲು ಹೋದ. ಪ್ರಮಿಳಾ ಅವನ ತೋಳು ಮುಟ್ಟಿ ತಡೆದು ಅಜ್ಜಿಯ ಪಕ್ಕ ಕೂತಳು.

“ಹೊರಸ ಕುಟ್ಟಲಾರದ ಕರೀರಿ ಅಜ್ಜಿ.”

ಬಾಳವ್ವ ಕರೆಯಲಿಲ್ಲ. ಕೋಲು ಮಡಿಲಲ್ಲಿಟ್ಟುಕೊಂಡಳು. ಕಣ್ಣು ತುಂಬಿ ಬಂದಿದ್ದವು. “ಅಂಗೈ ಹುಣ್ಣಿಗೆ ಕನ್ನಡಿ ಬೇಕೇನವ್ವಾ,” ಎಂದಳು ಕೊನೆಗೆ. “ಕರಕೊಂಡ ಹೋಗ್ರಿ. ನಾನೂ ಬರತೀನಿ.”

ದಾರಿಯಲ್ಲಿ ಸುಜಯ ತನ್ನ ತೋಳನ್ನು ಒಂದೆರಡು ಸಲ ನೋಡಿಕೊಂಡ. ಪ್ರಮಿಳಾ ಅದನ್ನು ಕಂಡೂ ಕಾಣದವಳಂತೆ ನಡೆದಳು.

ಬೆಳಗಾವಿಯ ದವಾಖಾನೆಯಲ್ಲಿ ಮಾಯವ್ವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿದರು. ಸದ್ದು ಬಂದಾಗಲೆಲ್ಲ ಬುಟ್ಟಿಗೆ ಒಂದು ಮಣಿ ಹಾಕಬೇಕು. ಬುಟ್ಟಿ ಬಹಳ ಹೊತ್ತು ಖಾಲಿಯೇ ಇತ್ತು. ಆಮೇಲೆ ಒಂದು ಮಣಿ ಬಿತ್ತು. ಪ್ರಮಿಳಾ ಉಸಿರು ಬಿಟ್ಟಳು, ಪಕ್ಕದಲ್ಲಿ ಸುಜಯನೂ ಬಿಟ್ಟ. ಇಬ್ಬರಿಗೂ ನಗು ಬಂತು.

“ಮಷಿನ್ ಹಾಕಿದ್ರ ಮಾತು ಕೇಳ್ತದ,” ಎಂದರು ಪರೀಕ್ಷೆ ಮಾಡಿದವರು. “ಮನಿ ಭಾಷಾದಾಗನ ಕಲಿಸ್ರಿ. ಮುಂದಿನ ಬೆಂಚಿಗೆ ಕೂಡಸ್ರಿ. ಯಾರೇ ಮಾತಾಡಲಿ, ಮುಖಾ ಇಕಿ ಕಡೆ ಇರಬೇಕು, ಮುಖದ ಮ್ಯಾಲೆ ಬೆಳಕ ಇರಬೇಕು. ಮುಖಾ ತಿರುವಿದ್ರ ಅರ್ಧ ಮಾತು ಹೋತು.”

ಪ್ರಮಿಳಾ ವಾರೆಗಣ್ಣಿನಿಂದ ಸುಜಯನನ್ನು ನೋಡಿದಳು. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ವಾಪಸ್ ಬರುವ ಪ್ಯಾಸೆಂಜರ್ ರೈಲಿನಲ್ಲಿ ಬಾಳವ್ವ ಕೂತಲ್ಲೇ ತೂಕಡಿಸಿದಳು. ಮಾಯವ್ವ ಪ್ರಮಿಳೆಯ ತೊಡೆಯ ಮೇಲೆ ಮಲಗಿದ್ದಳು.

“ನಿಮ್ಮ ಮನಿ ಬೆಳಗಾವ್ಯಾಗನ ಅಲ್ಲರೀ? ಸುಮ್ಮನ ಖಾನಾಪುರಕ್ಕ ಬಂದು ತಿರಗಿ ಹೋಗೂದಾತು,” ಎಂದ ಸುಜಯ.

“ಹುಡುಗೀನ್ನ ಮನಿ ಮುಟ್ಟಸಬೇಕಲ್ಲರೀ. ದಿನಾ ಅಪ್-ಡೌನ್ ಮಾಡೂದು ರೂಢೀನ ಆಗೇತಿ. ಮಹಾಂತೇಶ ನಗರದಾಗ ಅವ್ವ ಒಬ್ಬಾಕಿನ ಇರತಾಳ, ಮೊಣಕಾಲ ಬ್ಯಾನಿ. ಅಲ್ಲೇ ಟಿಳಕವಾಡಿ ಸಾಲಿಗೆ ವರ್ಗಾ ಕೇಳೀನಿ.”

ಅವನು ಕಿಟಕಿಯ ಕಡೆ ಮುಖ ಮಾಡಿ, “ಚಲೋ ಆಗತೈತಿ,” ಎಂದ.

ಅಷ್ಟೇನಾ? ಪ್ರಮಿಳೆಗೆ ಯಾಕೋ ಬೇಜಾರಾಯಿತು. ಹೋಗಬೇಡಿ ಎಂದು ಒಂದು ಮಾತು ಅವನ ಬಾಯಿಂದ ಬರಲಿ ಎಂದು ಮನಸ್ಸು ಆಸೆಪಟ್ಟದ್ದು ಅವಳಿಗೆ ಆಗಲೇ ಗೊತ್ತಾಗಿದ್ದು.

ದೀಪಾವಳಿ ಮುಗಿದ ಮೇಲೆ ಯಂತ್ರ ಬಂತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಅದರಿಂದ ಕಿವಿಗೆ ಹೋಗುವ ವೈರು. ಪ್ರಮಿಳಾ ಅದಕ್ಕೊಂದು ಹೂವಿನ ಬಟ್ಟೆಯ ಚೀಲ ಹೊಲಿದು ಮಾಯವ್ವನ ಎದೆಗೆ ಕಟ್ಟಿದಳು. ಮೊದಲ ದಿನ ಗಂಟೆ ಬಾರಿಸಿದಾಗ ಹುಡುಗಿ ಬೆಚ್ಚಿ ಮರದ ಕಡೆ ತಿರುಗಿದಳು. ಆ ಕಬ್ಬಿಣದ ಹಳಿಯೊಳಗೆ ಇಷ್ಟು ದಿನ ಈ ಸದ್ದು ಇತ್ತೇ ಎಂಬಂತೆ ನೋಡಿದಳು. ಆಮೇಲೆ ತಾನೇ ಹೋಗಿ ಕಲ್ಲಿನಿಂದ ಇನ್ನೊಮ್ಮೆ ಬಾರಿಸಿದಳು. ಅವತ್ತು ಎರಡೂ ಶಾಲೆಗೆ ಬಿಡುವು ಸ್ವಲ್ಪ ಬೇಗ ಸಿಕ್ಕಿತು, ಯಾರೂ ಬೈಯಲಿಲ್ಲ.

ತಿಂಗಳಿಗೆರಡು ಸಲ ಸೂಫಿಯಾ ಬಂದು ಮಾಯವ್ವನಿಗೆ ಅಕ್ಷರದ ಉಚ್ಚಾರ ತಿದ್ದಿ ಹೋಗುತ್ತಿದ್ದರು. ತರಗತಿಯ ಮಕ್ಕಳೂ ಒಂದು ಕಾಯಿದೆ ಮಾಡಿಕೊಂಡರು. ಮುಖಕ್ಕೆ ಈ ಸೀಮೆಯಲ್ಲಿ ಮಾರಿ ಎನ್ನುತ್ತಾರೆ. ಯಾರಾದರೂ ಮುಖ ತಿರುಗಿಸಿ ಮಾತಾಡಿದರೆ ಇಡೀ ತರಗತಿ “ಮಾರಿ ಈ ಕಡೆ!” ಎಂದು ಕೂಗುತ್ತಿತ್ತು. ಹಲಗೆಯ ಕಡೆ ತಿರುಗಿ ಗದರುತ್ತಿದ್ದ ಹೆಡ್‌ಮಾಸ್ತರರಿಗೂ ಒಂದು ಸಲ ಬಿತ್ತು. ಅವರು ಕಕ್ಕಾಬಿಕ್ಕಿಯಾಗಿ ಗದರುವುದನ್ನೇ ಮರೆತರು.

ಎಲ್ಲರಿಗಿಂತ ಹೆಚ್ಚು ಬಿದ್ದದ್ದು ಸುಜಯನಿಗೆ. ಯಂತ್ರದ ಬ್ಯಾಟರಿ ಶೆಲ್ಲು ಪೇಟೆಯಿಂದ ತರುವ ಕೆಲಸ ತನ್ನದು ಎಂದು ಅವನೇ ಹೇಳಿದ್ದ. ಪ್ರತಿ ಶುಕ್ರವಾರ ಗೋಡೆ ದಾಟಿ ಬರುತ್ತಿದ್ದ.

“ಮ್ಯಾಡಮ್, ಶೆಲ್ಲು,” ಎನ್ನುತ್ತಿದ್ದ ಕಿಟಕಿಗೆ.

“ಗುರೂಜಿ, ಮಾರಿ ಈ ಕಡೆ!” ಎಂದು ಮಕ್ಕಳೆಲ್ಲ ಒಂದೇ ಸಲ ಕೂಗುತ್ತಿದ್ದರು. ಅವನು ಕೆಂಪಗಾಗಿ ತಿರುಗುವುದನ್ನು ನೋಡಲು ಪ್ರಮಿಳಾ ಶುಕ್ರವಾರಕ್ಕಾಗಿ ಕಾಯುತ್ತಿದ್ದಳು.

“ಹೋದ ವಾರದ ಶೆಲ್ಲಿಗೆ ಇನ್ನೂ ಜೀವ ಐತಿ ಗುರೂಜಿ,” ಎಂದು ಒಮ್ಮೆ ಕೆಣಕಿದಳು.

“ಇರಲಿ ಬಿಡ್ರಿ. ಕೈಯಾಗ ಒಂದ ಜಾಸ್ತಿ ಇದ್ರ ಚಲೋ.”

“ಹಂಗಾದ್ರ ದಿನಾ ತರ್ರಿ.”

ಅವನು ಬಾಯಿ ತೆರೆದ. ಏನೋ ಬಂತು ಬಂತು ಎನ್ನುವಷ್ಟರಲ್ಲಿ ಮುಚ್ಚಿಕೊಂಡು ಗೋಡೆ ಹಾರಿಬಿಟ್ಟ. ದೇವರೇ, ಕಿವಿ ಕೇಳದ ಹುಡುಗಿಗೆ ಯಂತ್ರ ಸಿಕ್ಕಿತು, ಮಾತು ಬಾರದ ಈ ಮನುಷ್ಯನಿಗೆ ಯಾವ ದವಾಖಾನೆ ಎಂದು ಪ್ರಮಿಳಾ ಗೊಣಗಿದಳು.

ಏಪ್ರಿಲ್ ಮೊದಲ ವಾರ ಟಿಳಕವಾಡಿಯ ಆದೇಶ ಬಂತು. ಅವ್ವ ಸಕ್ಕರೆ ಹಂಚಿದಳು. ಪ್ರಮಿಳೆಗೆ ಆ ಸಕ್ಕರೆ ಬಾಯಲ್ಲಿ ಕರಗಲಿಲ್ಲ. ಅವ್ವನ ನೋವು ನೋಡಿದರೆ ಹೋಗಲೇಬೇಕು. ಆದರೆ ಹೋದ ಮೇಲೆ ಗೋಡೆ ಹಾರಿ ಬರುವವರು ಯಾರು? ನೆಂಟಸ್ತಿಕೆಯವರು ಎರಡು ಮನೆಯಿಂದ ಹೇಳಿಕಳಿಸಿದ್ದರು. ಬೇಸಿಗೆಯಲ್ಲಿ ನೋಡೋಣ ಎಂದು ಅವ್ವ ಒಪ್ಪಿಯೂ ಆಗಿತ್ತು. ಅವನು ಈಗ ಹೇಳದಿದ್ದರೆ ಮುಗಿಯಿತು.

ಕೊನೆಯ ದಿನ ಬಿಡುವಿನ ಹೊತ್ತು. ತರಗತಿ ಖಾಲಿಯಾಗಿತ್ತು. ಮೊದಲ ಬೆಂಚಿನ ಮೇಲೆ ಮಾಯವ್ವನ ಪಾಟಿ, ಅದರಲ್ಲಿ ದೊಡ್ಡ ಅಕ್ಷರದಲ್ಲಿ ಅವಳ ಹೆಸರು. ಸುಜಯ ಬಂದ. ಕೈಯಲ್ಲಿ ಶೆಲ್ಲಿನ ಇಡೀ ಪೆಟ್ಟಿಗೆ.

“ಅಭಿನಂದನ್ ಮ್ಯಾಡಮ್,” ಎಂದ ಕಪ್ಪುಹಲಗೆಗೆ. “ಮಾಯವ್ವನ ಚಿಂತಿ ಮಾಡಬ್ಯಾಡ್ರಿ. ಸೂಫಿಯಾ ಮ್ಯಾಡಮ್ ಬರತಾರ, ನಾ ಇಲ್ಲೇ ಇರತೀನಿ. ಹೊಸಾ ಮ್ಯಾಡಮ್‌ಗ ಎಲ್ಲಾ ತಿಳಿಸಿ ಹೇಳತೀನಿ. ನೀವು... ನೀವು ಆರಾಮ ಇರ್ರಿ.”

ಇಷ್ಟು ದಿನ ಮಕ್ಕಳು ಕೂಗುತ್ತಿದ್ದರು, ಅವಳು ನಗುತ್ತಿದ್ದಳು. ಈಗ ಕೂಗುವವರು ಯಾರೂ ಇರಲಿಲ್ಲ.

“ಮಾರಿ ಈ ಕಡೆ, ಗುರೂಜಿ,” ಎಂದಳು.

ಅವನು ತಿರುಗಿದ. ಕಣ್ಣು ಒದ್ದೆಯಾಗಿತ್ತು. ಓಹೋ, ಇದಕ್ಕೇ ಮುಖ ತಿರುಗಿಸಿ ನಿಂತದ್ದು.

“ಈಗ ಹೇಳ್ರಿ. ಬೆಳಕಿನಾಗ ನಿಂತು ಹೇಳ್ರಿ.”

ಸುಜಯ ಒಂದು ಹೆಜ್ಜೆ ಮುಂದೆ ಬಂದ. ಕಿಟಕಿಯ ಬಿಸಿಲು ಅವನ ಮುಖದ ಮೇಲೆ ಬಿತ್ತು. “ಹೋಗಬ್ಯಾಡ್ರಿ ಅನ್ನಾಕ ಬರೂದಿಲ್ಲರೀ. ನಿಮ್ಮ ಅವ್ವಾರ ಕಾಲ ನೋವು ನನಗ ಗೊತ್ತೈತಿ. ಅದಕ್ಕ ಬಾಯಿ ಮುಚ್ಚಿಕೊಂಡ ಇದ್ದೆ. ಆದ್ರ... ಇನ್ನ ಮ್ಯಾಲೆ ಅಪ್-ಡೌನ್ ನಾ ಮಾಡಲೇನ್ರಿ?”

“ಅಂದ್ರ?”

“ಮುಂಜಾನೆ ಬೆಳಗಾವಿಯಿಂದ ಇಲ್ಲಿಗೆ ಬರತೀನಿ, ಸಂಜೀಕ ನಿಮ್ಮ ಮನಿಗೆ... ನಮ್ಮ ಮನಿಗೆ. ನಮ್ಮ ಆಯಿ, ಅಂದ್ರ ಅವ್ವ, ಅಣ್ಣನ ಕೂಡ ಇರತಾಳ. ಆಕಿನ್ನ ಕೇಳೀನಿ, ಹೂಂ ಅಂದಾಳ. ನಿಮ್ಮನ್ನ ಕೇಳೂದ ಒಂದು ಉಳದೈತಿ. ನೀವಂದ್ರ ನನಗ ಭಾಳ ಪ್ರೀತಿರೀ.”

ಪ್ರಮಿಳಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

“ಮಂದಿ ಮನಿಅಳಿಯ ಅಂತಾರ ನೋಡ್ರಿ.”

“ಅನ್ನಲಿ.”

“ಮನ್ಯಾಗ ಯಾವ ಭಾಷಾ?”

“ನಿಮ್ಮ ಅವ್ವಾರ ಕೂಡ ಕನ್ನಡ, ಆಯಿ ಬಂದ್ರ ಮರಾಠಿ. ಮಕ್ಕಳ ಕೂಡ...” ಅಂದವನೇ ಕಿವಿಯವರೆಗೆ ಕೆಂಪಾಗಿ ಮತ್ತೆ ಹಲಗೆಯ ಕಡೆ ತಿರುಗಿದ.

ಅವಳು ಅವನ ಗದ್ದ ಹಿಡಿದು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡಳು. “ಹೂಂ,” ಎಂದಳು. “ಪೂರಾ ಮಾತು ಕೇಳಿಸಿತು ನನಗ. ನಾನೂ ಹೂಂ ಅಂತೀನಿ.”

ಹಾಗೇ ಎಷ್ಟು ಹೊತ್ತು ನಿಂತರೋ. ಬೆಂಚಿನ ಮೇಲೆ ಟಪಟಪ ತಟ್ಟಿದ ಸದ್ದಿಗೆ ಇಬ್ಬರೂ ಹೌಹಾರಿ ತಿರುಗಿದರು. ಮಾಯವ್ವ ನಿಂತಿದ್ದಳು. ಅಜ್ಜಿ ಹೊರಸಿಗೆ ಕೋಲು ತಟ್ಟುವಂತೆ ಪಾಟಿಯಿಂದ ಬೆಂಚು ತಟ್ಟುತ್ತಿದ್ದಳು. ಅವಳ ಬೆನ್ನಿಗೆ ಬಾಗಿಲ ತುಂಬ ಮಕ್ಕಳು.

“ಅಕ್ಕೋರ,” ಎಂದಳು ಮಾಯವ್ವ, ಒಂದೊಂದೇ ಅಕ್ಷರ ಬಿಡಿಸಿ, ಇಬ್ಬರ ಮುಖವನ್ನೂ ನೋಡುತ್ತ. “ಗಂಟಿ ಆಗಿ ಭಾಳ ಹೊತ್ತಾತು. ನಿಮಗ ಕೇಳಸಲಿಲ್ಲೇನ್ರಿ?”