ಬೀಳಿಸಲೆಂದೇ ಕಟ್ಟಿದ ಟವರ್

"ಈ ಡ್ರಾಯಿಂಗ್ ಬರೆದ ಪುಣ್ಯಾತ್ಮ ಯಾರಪ್ಪಾ? ಟವರಿಗೆ ಇಷ್ಟು ಸಣ್ಣ ಸೊಂಟ ಇಟ್ಟಿದ್ದಾನೆ! ಇದರೊಳಗೆ ನಾನು ತೂರೋದು ಹೇಗೆ? ಹೆಂಡತೀನ ಎದುರಿಗೆ ಕೂರಿಸ್ಕೊಂಡು ಬರೆದಿರ್ಬೇಕು."

ಗ್ಯಾಂಗಿನವರು ಗೊಳ್ಳೆಂದು ನಗಬೇಕಿತ್ತು. ಯಾರೂ ನಗಲಿಲ್ಲ. ಎಲ್ಲರ ಕಣ್ಣು ತನ್ನ ಬೆನ್ನ ಹಿಂದೆ ನೆಟ್ಟಿದ್ದನ್ನು ಕಂಡು ಅವನು ತಿರುಗಿ ನೋಡಿದ. ತಲೆಗಿಂತ ಒಂದು ಸೈಜು ದೊಡ್ಡದಾದ ಹಳದಿ ಹೆಲ್ಮೆಟ್ ಹಾಕಿಕೊಂಡು ಒಬ್ಬಳು ನಿಂತಿದ್ದಳು.

"ಬರೆದವಳು ನಾನೇ," ಎಂದಳು. "ಹೆಂಡತಿ ಮಾತ್ರ ಇಲ್ಲ."

ಅವನು ನಾಲಿಗೆ ಕಚ್ಚಿಕೊಂಡ. ಆಗ ಗ್ಯಾಂಗು ನಕ್ಕಿತು.

ಆ ಯಾರ್ಡಿನಲ್ಲಿ ಕಟ್ಟುವ ಟವರುಗಳಿಗೆ ಆಯುಸ್ಸು ಕಡಿಮೆ. ಹೊಸ ಮಾದರಿಯ ಕರೆಂಟ್ ಟವರುಗಳನ್ನು ಗುಡ್ಡ ಬಯಲುಗಳ ಮೇಲೆ ಸಾಲಾಗಿ ನಿಲ್ಲಿಸುವ ಮೊದಲು ಇಲ್ಲಿ ಒಂದನ್ನು ಪೂರ್ತಿ ಕಟ್ಟುತ್ತಾರೆ. ಉಕ್ಕಿನ ಹಗ್ಗ ಬಿಗಿದು ಬಿರುಗಾಳಿ ಎಳೆಯುವಷ್ಟು ಎಳೆಯುತ್ತಾರೆ. ತಡೆದುಕೊಂಡರೆ ಪಾಸು. ಪಾಸಾದ ಮೇಲೂ ಬಿಡುವುದಿಲ್ಲ. ಎಲ್ಲಿ ಮುರಿಯುತ್ತದೆ ನೋಡೋಣ ಎಂದು ಎಳೆದು ಎಳೆದು ಕೆಡವಿಯೇ ಬಿಡುತ್ತಾರೆ. ಲೆಕ್ಕ ಹಾಕಿ ನಕ್ಷೆ ಬರೆಯುವುದು ಅವಳ ಕೆಲಸ, ಹತ್ತಿ ಕಟ್ಟುವುದು ಅವನದು. ಉದ್ದ ಕಾಲು, ಉದ್ದ ಕತ್ತು. ಯಾರ್ಡಿಗೆಲ್ಲ ಅವನು ಕೊಕ್ಕರೆ. ಇನ್ನೊಂದು ಹೆಸರಿದೆ ಎಂಬುದು ಸಂಬಳದ ದಿನ ಮಾತ್ರ ಎಲ್ಲರಿಗೂ ನೆನಪಾಗುತ್ತಿತ್ತು.

"ಸೊಂಟ ಸಣ್ಣ ಇದ್ರೇನೇ ಗಟ್ಟಿ," ಎಂದಳು ಅವಳು. "ಗಾಳಿ ಹೊಡೆಯೋದು ಮೇಲೆ, ತಂತಿಗೆ. ಆ ಹೊಡೆತ ಕಾಲುಗಳಲ್ಲೇ ನೆಟ್ಟಗೆ ನೆಲಕ್ಕಿಳಿದು ಹೋಗ್ಬೇಕು, ಮಧ್ಯೆ ಎಲ್ಲೂ ತಂಗಬಾರದು. ಅದಕ್ಕೇ ಕೆಳಗೆ ಅಗಲ, ಮೇಲೆ ಕಿರಿದು. ನಂಬಿಕೆ ಇಲ್ವಾ? ಕಾಲು ಜೋಡಿಸಿ ನಿಂತ್ಕೊಳ್ಳಿ."

ಅವನು ಸೈನಿಕನ ಹಾಗೆ ನಿಂತ. ಅವಳು ಒಂದು ಬೆರಳಿನಿಂದ ಅವನ ಭುಜವನ್ನು ಮೆಲ್ಲಗೆ ತಳ್ಳಿದಳು. ಅಷ್ಟಕ್ಕೇ ಅವನು ತೂರಾಡಿ, ಪಕ್ಕದಲ್ಲಿದ್ದವನ ತೋಳು ಹಿಡಿದುಕೊಂಡ.

"ಸಾಕು ನಾಟಕ!" ಎಂದು ಅವಳು ನಕ್ಕಳು.

ಅವನೂ ನಕ್ಕ, ಒಂದು ಕ್ಷಣ ತಡವಾಗಿ.

ಆಮೇಲೆ ಅವಳಿಗೆ ಯಾರ್ಡಿನಲ್ಲಿ ದಿನಾ ಏನಾದರೊಂದು ಕೆಲಸ ಹುಟ್ಟಿಕೊಳ್ಳತೊಡಗಿತು. ಬೋಲ್ಟು ನೋಡಬೇಕು, ಅಳತೆ ನೋಡಬೇಕು. ಅವನಿಗೂ ಕೆಳಗಿಳಿಯಲು ನೆಪ ಸಿಗುತ್ತಿತ್ತು. ಸ್ಪ್ಯಾನರ್ ಬಿಟ್ಟು ಬಂದೆ ಎನ್ನುವನು. ಸ್ಪ್ಯಾನರ್ ಅವನ ಸೊಂಟದಲ್ಲೇ ನೇತಾಡುತ್ತಿರುತ್ತಿತ್ತು. ಅವಳು ಅದನ್ನು ನೋಡುವಳು. ಅವಳು ನೋಡಿದ್ದನ್ನು ಅವನು ನೋಡುವನು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ತಿರುಗಿ ಚಹಾ ಕುಡಿಯುವರು.

"ನೀವು ಬರೆದಿದ್ದನ್ನ ಒಳಗಿಂದ ನೋಡಿದ್ದೀರಾ ಮೇಡಂ?" ಎಂದು ಒಂದು ಮಧ್ಯಾಹ್ನ ಕೇಳಿದ. ನಾಲ್ಕು ಕಾಲುಗಳ ನಟ್ಟನಡುವೆ ರಟ್ಟು ಹಾಸಿ, "ಮಲಗಿ, ಮೇಲೆ ನೋಡಿ," ಎಂದ. ಒಂದು ಮಾರು ದೂರದಲ್ಲಿ ಇನ್ನೊಂದು ರಟ್ಟಿನ ಮೇಲೆ ತಾನೂ ಮಲಗಿದ.

ಅವಳು ನೋಡಿದಳು. ಚೌಕದೊಳಗೆ ಚೌಕ, ಅದರೊಳಗೆ ಇನ್ನೊಂದು ಚೌಕ. ಕಿರಿದಾಗುತ್ತಾ, ಒಂದಕ್ಕೊಂದು ಹೆಣೆದುಕೊಳ್ಳುತ್ತಾ, ಕೊನೆಗೆ ಅಂಗೈಯಗಲದ ಆಕಾಶದಲ್ಲಿ ಹೋಗಿ ನಿಲ್ಲುತ್ತಿದ್ದವು. ಸತುವಿನ ಲೇಪ ಹೊಸದು. ಮೋಡ ಸರಿದಾಗಲೆಲ್ಲ ಬಿಸಿಲು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹಾರಿ ಹಾರಿ ಮೇಲೇರುತ್ತಿತ್ತು. ಎಂಟು ವರ್ಷದಿಂದ ಪರದೆಯ ಮೇಲೆ ಬರೀ ಗೆರೆಗಳಾಗಿ ಕಂಡಿದ್ದು ಇದೇನಾ ಎಂದುಕೊಂಡಳು. ಅಲ್ಲಿ ಚಂದಕ್ಕೆಂದು ಇಟ್ಟ ಒಂದು ತುಂಡೂ ಇರಲಿಲ್ಲ. ಪ್ರತಿಯೊಂದೂ ಬೇಕಾಗಿ ಇದ್ದದ್ದು. ಆದರೂ ಎಷ್ಟು ಚಂದ!

"ಚೆನ್ನಾಗಿದೆ ಅಲ್ವಾ?" ಎಂದ. ಅವಳು ಕತ್ತು ತಿರುಗಿಸಿದರೆ, ಅವನು ಮೇಲೆ ನೋಡುತ್ತಲೇ ಇರಲಿಲ್ಲ.

"ಟವರ್ ಬಗ್ಗೆ ತಾನೇ ಕೇಳಿದ್ದು?"

"ಮತ್ತೆ? ಟವರ್ ಬಗ್ಗೇನೇ."

ಅವಳು ಎದ್ದು ಧೂಳು ಕೊಡವಿಕೊಂಡಳು. ಅವನು ಎದ್ದು ಕುಳಿತವನು ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿದ್ದ. ತನ್ನಂತೆ ಅವನಿಗೂ ಈ ಗಳಿಗೆ ಮುಗಿಯುವುದು ಬೇಡವಾಗಿದೆ ಎಂದುಕೊಂಡಳು.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದಳು. "ನಿನ್ನ ವಾರಿಗೆಯವರ ಮಕ್ಕಳು ಹೈಸ್ಕೂಲಿಗೆ ಹೋಗ್ತಿದ್ದಾವೆ. ನೀನು ಗೋಡೆ ನೋಡ್ಕೊಂಡು ನಗ್ತಿದ್ದೀಯ. ಯಾರದು?"

"ಯಾರೂ ಇಲ್ಲಮ್ಮ."

"ಆ ಯಾರೂ ಇಲ್ಲದವನಿಗೆ ಶರ್ಟ್ ಅಳತೆ ಎಷ್ಟು, ಕೇಳ್ಕೊಂಡು ಬಾ."

ಟವರ್ ಸೊಂಟ ದಾಟಿ ಮೇಲೆ ಹೋಯಿತು. ಒಂದು ಬೆಳಿಗ್ಗೆ ಅವಳು ದುರ್ಬೀನಿನಲ್ಲಿ ಬೋಲ್ಟುಗಳನ್ನು ನೋಡುತ್ತಿದ್ದಳು. ಬೋಲ್ಟುಗಳನ್ನು ದಾಟಿ ದುರ್ಬೀನು ತಾನಾಗಿಯೇ ಅವನ ಕಡೆ ಹೊರಳಿತು. ತಂತಿ ಹಿಡಿಯುವ ತೋಳು ಹೊರಚಾಚುವ ಜಾಗದಲ್ಲಿ ಅವನು ಕಬ್ಬಿಣವನ್ನು ಎರಡೂ ಕೈಯಿಂದ ತಬ್ಬಿಕೊಂಡು, ಅದಕ್ಕೆ ಕೆನ್ನೆ ಒತ್ತಿ ನಿಂತಿದ್ದ. ಕಣ್ಣು ಮುಚ್ಚಿತ್ತು. ತುಟಿ ಬಿಳುಚಿತ್ತು. ಬೆಲ್ಟಿನ ಕೊಕ್ಕೆ ಯಾವುದಕ್ಕೂ ಸಿಕ್ಕಿಸದೆ ತೊಡೆಯ ಬಳಿ ಜೋತಾಡುತ್ತಿತ್ತು. ಜಾಗ ಬದಲಿಸುವಾಗ ಕೊಕ್ಕೆ ಬಿಚ್ಚಿದವನಿಗೆ ಮತ್ತೆ ಸಿಕ್ಕಿಸಲು ಆಗಿರಲಿಲ್ಲ.

ಅವಳು ಕೂಗಲಿಲ್ಲ. ಕೂಗಿದರೆ ಅವನು ಕೆಳಗೆ ನೋಡುತ್ತಿದ್ದ.

ಬಹಳ ಹೊತ್ತಿನ ಮೇಲೆ ಅವನು ಕೊಕ್ಕೆ ಸಿಕ್ಕಿಸಿದ. ಇಳಿದು ಬಂದಾಗ ಅವಳು ಸ್ಟೋರಿನ ಹಿಂದೆ ಅವನನ್ನು ತಡೆದಳು.

"ಎಷ್ಟು ದಿನದಿಂದ?"

"ಏನು?"

"ಸುಳ್ಳು ಹೇಳ್ಬೇಡಿ. ನಾನು ನೋಡ್ದೆ."

ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತ. "ಹೋದ ವರ್ಷ ಒಂದು ಜ್ವರ ಬಂದಿತ್ತು, ಆಮೇಲೆ. ಕಿವಿ ಒಳಗಿನ ನರ ಹೋಗಿದೆಯಂತೆ. ತಲೆ ಸುತ್ತು ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ವಾಸಿ ಆಗೋದಲ್ಲ ಅಂದ್ರು ಡಾಕ್ಟ್ರು."

"ಗೊತ್ತಿದ್ದೂ ಹತ್ತುತ್ತೀರಾ?"

"ಹತ್ತದೆ ಏನ್ಮಾಡ್ಲಿ? ಹದಿನೆಂಟಕ್ಕೆ ಹತ್ತಿದೋನು ನಾನು. ನೆಲದ ಮೇಲೆ ನಂಗೇನು ಬರುತ್ತೆ?" ಅವನು ಮೊದಲ ಬಾರಿಗೆ ಅವಳ ಕಣ್ಣನ್ನೇ ನೋಡಿದ. "ಇದೊಂದು ಮುಗಿಸ್ತೀನಿ. ನಿಮ್ಮ ಟವರ್. ಇನ್ನು ತುದಿ ಮಾತ್ರ ಬಾಕಿ. ಯಾರಿಗೂ ಹೇಳ್ಬೇಡಿ. ಮುಗಿದ ಮೇಲೆ... ನಮ್ಮಕ್ಕನ್ನ ಕರ್ಕೊಂಡು ನಿಮ್ಮಮ್ಮನ್ನ ನೋಡೋಕೆ ಬರ್ತೀನಿ. ಬರಬಹುದಾ?"

ಇಷ್ಟು ದಿನ ಅವಳು ಕಾದಿದ್ದ ಮಾತು ಅದೇ. ಅದು ಹೀಗೆ, ಇಂಥ ಮಾತಿಗೆ ಗಂಟುಬಿದ್ದು ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಬನ್ನಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವನು ಅದನ್ನು ಒಪ್ಪಿಗೆ ಎಂದುಕೊಂಡು ಹೆಲ್ಮೆಟ್ ತಲೆಗಿಟ್ಟುಕೊಂಡು ಹೋದ.

ಮರುದಿನ ಬೆಳಿಗ್ಗೆ ಗ್ಯಾಂಗು ಬೆಲ್ಟು ಬಿಗಿಯುತ್ತಿರುವಾಗ ಅವಳು ಮೇಲ್ವಿಚಾರಕರ ಕೋಣೆಯಿಂದ ಹೊರಬಂದಳು. ಅವಳ ಹಿಂದೆಯೇ ಮೇಲ್ವಿಚಾರಕರು.

"ಕೊಕ್ಕರೆ, ಬೆಲ್ಟ್ ಬಿಚ್ಚು."

ಅವನಿಗೆ ಒಮ್ಮೆಲೇ ಅರ್ಥವಾಯಿತು. ಎಲ್ಲರ ಎದುರು ಒಂದೊಂದೇ ಪಟ್ಟಿ ಬಿಚ್ಚಿದ. ತೊಡೆಯದು, ಭುಜದ್ದು, ಸೊಂಟದ್ದು. ಮಡಚಿ, ಗ್ಯಾಂಗಿನಲ್ಲಿ ತನ್ನ ನಂತರ ಎರಡನೆಯವನಾಗಿದ್ದವನ ಕೈಗಿಟ್ಟ. ಅವಳ ಪಕ್ಕದಲ್ಲೇ ಹಾದು ಗೇಟಿನ ಕಡೆ ನಡೆದ. ತಲೆ ಎತ್ತಿ ನೋಡಲಿಲ್ಲ. ಗ್ಯಾಂಗಿನಲ್ಲಿ ಯಾರೋ ಉಗುಳಿದರು. ಆವತ್ತಿನಿಂದ ಅವಳಿಗೆ ಯಾರೂ ಚಹಾ ತಂದುಕೊಡಲಿಲ್ಲ.

ಎರಡನೆಯವನು ಟವರಿನ ತುದಿ ಕಟ್ಟಿದ. ಅವಳು ಕೊಕ್ಕರೆಯ ಅಕ್ಕನ ಮನೆ ಹುಡುಕಿಕೊಂಡು ಹೋದಳು. ಭಾವನ ಪಂಕ್ಚರ್ ಅಂಗಡಿಯ ಮೇಲೆ ಎರಡು ಕೋಣೆ. ಅಕ್ಕ ಮೆಟ್ಟಿಲಲ್ಲೇ ತಡೆದಳು.

"ನೋಡಲ್ವಂತಮ್ಮ. ಒಳಗೆ ಗೋಡೆ ಕಡೆ ತಿರುಗಿ ಮಲಗಿದ್ದಾನೆ."

"ಹೇಗಿದ್ದಾರೆ?"

"ಮೊನ್ನೆ ಬಚ್ಚಲಲ್ಲಿ ಬಿದ್ದ. ಹುಬ್ಬಿನ ಮೇಲೆ ಹೊಲಿಗೆ ಹಾಕಿದ್ದಾರೆ." ಅಕ್ಕ ದನಿ ತಗ್ಗಿಸಿದಳು. "ಅಲ್ಲಿ ಮೇಲಿಂದ ಬಿದ್ದಿದ್ರೆ ಹೊಲಿಯೋಕೂ ಏನೂ ಉಳೀತಿರಲಿಲ್ಲ. ಅದು ಅವನಿಗೂ ಗೊತ್ತು. ಗೊತ್ತಿರೋದಕ್ಕೇ ಈ ಸಿಟ್ಟು."

ಅವಳು ಅಮ್ಮನಿಂದ ಹೊಲಿಸಿ ತಂದಿದ್ದ ಶರ್ಟನ್ನು ಕೊಡದೆ ವಾಪಸು ಬಂದಳು.

ಪರೀಕ್ಷೆಯ ದಿನ ಗಾಳಿ ಇರಲಿಲ್ಲ. ಗಾಜಿನ ಕೋಣೆಯಿಂದ ಹಗ್ಗಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋದರು. ಟವರ್ ನರಳಿತು, ಬೋಲ್ಟುಗಳು ಟಿಕ್ ಟಿಕ್ ಎಂದವು, ತುದಿ ಒಂದು ಮಾರು ವಾಲಿತು. ಪೂರ್ತಿ ಬಿರುಗಾಳಿಯ ಎಳೆತಕ್ಕೂ ಜಗ್ಗದೆ ನಿಂತಿತು. ಪಾಸು. ಯಾರೋ ಅವಳ ಕೈಕುಲುಕಿದರು. "ಇನ್ನು ಕೆಡವೋಣ," ಎಂದರು ಮೇಲ್ವಿಚಾರಕರು.

ಅದನ್ನು ಗಾಜಿನ ಹಿಂದೆ ನಿಂತು ನೋಡಲು ಅವಳಿಂದಾಗಲಿಲ್ಲ. ಹೊರಗೆ ಬಂದಳು. ಬೇಲಿಯ ಬಳಿ ಅವನಿದ್ದ. ಕೆನ್ನೆ ಒಳಸೇರಿತ್ತು. ಹುಬ್ಬಿನ ಮೇಲೆ ಕೆಂಪು ಗೀಟು.

"ಚೆನ್ನಾಗಿ ನಿಂತಿತು," ಎಂದ, ಟವರನ್ನೇ ನೋಡುತ್ತಾ.

"ನೀವು ಕಟ್ಟಿದ್ದು."

"ತುದಿ ಬಿಟ್ಟು."

ಹಗ್ಗಗಳು ಮತ್ತೆ ಬಿಗಿದವು. ಸೊಂಟದ ಕೆಳಗೆ ಒಂದು ಕಾಲು ಮೊಣಕಾಲಿನಂತೆ ಮೆಲ್ಲಗೆ ಮಡಚಿತು. ಒಂದು ಗಳಿಗೆ ಟವರ್ ಯೋಚಿಸುತ್ತಿರುವಂತೆ ನಿಂತು, ಇಡೀ ಮೈ ತಿರುಚಿ, ಉದ್ದಕ್ಕೂ ಬಿಸಿಲನ್ನು ಚೆಲ್ಲುತ್ತಾ ಕೆಳಗೆ ಬಂತು. ಸದ್ದು ಎದೆಗೆ ಬಡಿಯಿತು. ಆಮೇಲೆ ಬರೀ ಧೂಳು.

"ನನ್ನ ಮೇಲೆ ದ್ವೇಷ ಇದೆಯಾ?" ಎಂದಳು.

"ಇತ್ತು. ಮೊದಲೆಲ್ಲ ಹೊಟ್ಟೆತುಂಬ ಇತ್ತು." ಅವನು ಬೇಲಿಯ ತಂತಿ ಹಿಡಿದುಕೊಂಡ. "ಈಗ ದ್ವೇಷ ಇಲ್ಲ. ನಾಚಿಕೆ ಇದೆ. ಹೇಳ್ಬೇಡಿ ಅಂತ ನಿಮ್ಮನ್ನ ಕೇಳ್ದೆನಲ್ಲ, ಅದೂ ಮದುವೆ ಮಾತು ಎದುರಿಗಿಟ್ಟು. ಆದ್ರೂ ನಿಮ್ಮನ್ನ ನೋಡ್ದಾಗ ನಾನು ಇನ್ನು ಹತ್ತಲ್ಲ ಅನ್ನೋದೇ ಮೊದಲು ನೆನಪಾಗುತ್ತೆ. ಇದು ಹೋಗುತ್ತೋ ಇಲ್ವೋ ಗೊತ್ತಿಲ್ಲ."

"ಹೋಗದೇ ಇರಬಹುದು," ಎಂದಳು ಅವಳು. "ಇನ್ನೊಂದು ಸಲ ಹೀಗೇ ಆದ್ರೂ ಅವರಿಗೆ ಹೇಳೇ ಹೇಳ್ತೀನಿ. ನನಗೆ ನೀವು ಬದುಕಿರೋದು ಮುಖ್ಯವಾಗಿತ್ತು. ನನ್ನವರಾಗ್ತೀರೋ ಇಲ್ವೋ, ಅದು ಆಮೇಲಿನ ಮಾತು."

ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ಮುಖ ಬಿಳುಚಿತು, ಕಣ್ಣು ಎಲ್ಲೋ ಜಾರಿತು. ಬೇಲಿ ಹಿಡಿದ ಬೆರಳುಗಳು ಬೆಳ್ಳಗಾದವು. ಆಚೆ ಗ್ಯಾಂಗಿನವರೆಲ್ಲ ಇತ್ತಲೇ ನೋಡುತ್ತಿದ್ದರು. ಅವನು ಬೇಲಿ ಬಿಟ್ಟು ಅವಳ ಭುಜ ಹಿಡಿದ. ಆಮೇಲೆ ಹಣೆಯನ್ನೂ ಅಲ್ಲೇ ಇಟ್ಟ.

"ಎಷ್ಟು ಹೊತ್ತಿರುತ್ತೆ?" ಎಂದಳು.

"ಒಮ್ಮೊಮ್ಮೆ ಐದು ನಿಮಿಷ. ಒಮ್ಮೊಮ್ಮೆ ಸಂಜೆವರೆಗೂ."

"ಸರಿ."

ಮುರಿದ ಕಾಲನ್ನು ನೋಡಲು ಬನ್ನಿ ಎಂದು ಧೂಳಿನ ಆಚೆಯಿಂದ ಮೇಲ್ವಿಚಾರಕರು ಕೂಗಿದರು. ಅವಳು ಒಂದು ಕೈ ಎತ್ತಿ ಬರುವುದಿಲ್ಲವೆಂದು ಆಡಿಸಿದಳು. ಇನ್ನೊಂದು ಕೈ ಅವನ ಬೆನ್ನ ಮೇಲಿತ್ತು.