ಟೀವಿಯ ಎಡಗಡೆ ಒಂದು ಸ್ಟೂಲು

"ಆ ಕುರ್ಚಿ ಗಿರಗಿರ ತಿರುಗ್ಸೋದು ನಿಲ್ಲಿಸ್ತೀಯೋ ಇಲ್ವೋ?"

ಅಮ್ಮ ಪರದೆಯಿಂದ ಕಣ್ಣು ಕೀಳದೆಯೇ ಗದರಿದಳು. ಕುರ್ಚಿಯೇನೋ ನಿಂತಿತು. ಬುಗುರಿಯ ಕಾಲು ನಿಲ್ಲಬೇಕಲ್ಲ! ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ಅದು. ಈಗೀಗ ಟೀಚರ್ ಕೂಡ ಹಾಗೇ ಕರೆಯುತ್ತಿದ್ದರು.

ಅಮ್ಮನ ಕೆಲಸ ಟೀವಿ ಚಾನೆಲ್‌ನಲ್ಲಿ. ಥಿಯೇಟರಿನ ಪರದೆ ಈ ಗೋಡೆಯಿಂದ ಆ ಗೋಡೆಯವರೆಗೆ. ಮನೆಯ ಟೀವಿಯೋ, ಒಂದು ಚೌಕದ ಡಬ್ಬಿ. ಅಷ್ಟಗಲದ ಸಿನಿಮಾ ಇಷ್ಟರಲ್ಲಿ ಹಿಡಿಸಬೇಕಲ್ಲ? ಅದಕ್ಕೇ ಅಮ್ಮ ಇಡೀ ಚಿತ್ರವನ್ನು ಮುಂದೆ ಹಾಕಿಕೊಂಡು, ಅದರ ಮೇಲೊಂದು ಬಿಳಿ ಚೌಕವನ್ನು ಆಚೆಗೆ ಈಚೆಗೆ ಸರಿಸುತ್ತಾಳೆ. ಒಂದು ಗುಂಡಿ ತಿರುಗಿಸಿದರೆ ಸಾಕು, ಚೌಕ ಸರಿಯುತ್ತದೆ. ಅದರೊಳಗೆ ಇದ್ದದ್ದು ಟೀವಿಯಲ್ಲಿ ಕಾಣುತ್ತದೆ. ಹೊರಗೆ ಉಳಿದದ್ದು ಹೋದಂತೆಯೇ.

"ಅಮ್ಮಾ! ಬಂದ್ರು, ದೊಡ್ಡಪ್ಪ ಬಂದ್ರು!"

ಪರದೆಯ ಮೇಲೊಂದು ಬಸ್‌ಸ್ಟ್ಯಾಂಡ್. ಅದರ ಎಡತುದಿಯಲ್ಲಿ ಟಿಕೆಟ್ ಕೊಡುವವನೊಬ್ಬ ಸ್ಟೂಲಿನ ಮೇಲೆ ಕೂತಿದ್ದ. ತಲೆತುಂಬ ಕಪ್ಪು ಕೂದಲು. ಟೈಲರ್ ದೊಡ್ಡಪ್ಪ ಹುಡುಗರಾಗಿದ್ದಾಗ ಒಂದೇ ಒಂದು ಸಿನಿಮಾದಲ್ಲಿ ಮಾಡಿದ್ದರು, ಅದೇ ಇದು. ಬಲತುದಿಯ ಬೆಂಚಿನ ಮೇಲೆ ಹೀರೋಯಿನ್.

"ಅಣ್ಣಾ, ಕೊನೇ ಬಸ್ಸು ಹೋಗ್ಬಿಡ್ತಾ?" ಅಂತ ಅವಳು ಕೇಳುತ್ತಾಳೆ. ದೊಡ್ಡಪ್ಪ ಕಿವಿಯಿಂದ ಪೆನ್ಸಿಲ್ ತೆಗೆದು, ನಿಧಾನವಾಗಿ ಎರಡು ಸಲ ಹೌದೆಂದು ತಲೆಯಾಡಿಸುತ್ತಾರೆ. ಅವಳು ಅಳುತ್ತಾಳೆ. ಪಾತ್ರ ಮುಗಿಯಿತು. ಇಷ್ಟನ್ನೇ ಅವರು ಅಂಗಿ ಹೊಲಿಸಲು ಬಂದವರಿಗೆಲ್ಲ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದರು.

ಅಮ್ಮ ಬಿಳಿ ಚೌಕವನ್ನು ಬಲಕ್ಕೆ ಸರಿಸಿದಳು. ದೊಡ್ಡಪ್ಪ ಹೊರಗೆ!

"ಏನಮ್ಮಾ ಮಾಡ್ತಿದೀಯ? ದೊಡ್ಡಪ್ಪನ್ನೇ ಬಿಟ್ಬಿಟ್ಟೆ!"

"ನಂಗೇನು ಖುಷಿನಾ? ಇಬ್ರೂ ಹಿಡಿಸಲ್ಲ ಕಣೇ."

"ಭಾನುವಾರ ನಾಲ್ಕು ಗಂಟೆಗೆ ನಮ್ ದೊಡ್ಡಪ್ಪ ಟೀವೀಲಿ ಬರ್ತಾರೆ ಅಂತ ಇಡೀ ಕ್ಲಾಸಿಗೆ ಡಂಗುರ ಸಾರಿದೀನಿ! ಲಾಯರ್ ಮನೆಗೇ ಬರ್ತಾಳಂತೆ, ನೋಡೋಕೆ."

ಲಾಯರ್ ಅಂದರೆ ಅವಳ ಪಕ್ಕದ ಬೆಂಚಿನವಳು. ಸೂರ್ಯ ಹುಟ್ಟಿದ ಅಂದರೂ ಪ್ರೂಫ್ ಕೇಳುವ ಜಾತಿ.

ಅಮ್ಮ ಕುರ್ಚಿ ಹಿಂದೆ ಸರಿಸಿದಳು. "ತಗೋ, ನೀನೇ ಸರಿಸಿ ನೋಡು."

ಬುಗುರಿ ಚೌಕವನ್ನು ಎಡಕ್ಕೆ ಎಳೆದಳು. ದೊಡ್ಡಪ್ಪ ಬಂದರು, ಆದರೆ ಅಳು ಎಲ್ಲಿಂದಲೋ ಕೇಳುತ್ತಿತ್ತು, ಅವರು ಅದಕ್ಕೆ ಸುಮ್ಮನೆ ತಲೆಯಾಡಿಸುತ್ತಿದ್ದರು. ನಡುವೆ ನಿಲ್ಲಿಸಿದಳು. ಅಲ್ಲಿದ್ದದ್ದು ಒಂದು ಕಸದಬುಟ್ಟಿ.

"ಪರವಾಗಿಲ್ಲ, ಬುಟ್ಟಿಗೆ ಒಳ್ಳೇ ಪಾತ್ರ ಸಿಕ್ತು," ಎಂದಳು ಅಮ್ಮ. ಬುಗುರಿ ನಗಲಿಲ್ಲ.

ಅತ್ತಿಂದಿತ್ತ ಬೇಗ ಬೇಗ ಸರಿಸಿದಳು. ನೋಡುವವರಿಗೆ ತಲೆ ಸುತ್ತುವಂತಾಯಿತು. ಹೀರೋಯಿನ್ ಕಣ್ಣಲ್ಲಿ ಮೊದಲ ಹನಿ ಉಕ್ಕುವುದೇ ತಪ್ಪಿಹೋಯಿತು. ಆ ಹನಿಗಾಗಿಯೇ ಇಡೀ ಸಿನಿಮಾ ಕಾದಿತ್ತು ಅಂತ ಬುಗುರಿಗೂ ಗೊತ್ತಾಯಿತು. ಹಾಳಾದ್ದು, ಗೊತ್ತಾಗದೆ ಇದ್ದಿದ್ದರೆ ಚೆನ್ನಾಗಿತ್ತು!

ಕೊನೆಗೆ ಚೌಕವನ್ನು ಬಲಕ್ಕೆ ಸರಿಸಿದವಳು ಅವಳೇ.

"ಭಾವನಿಗೆ ನಾನು ಹೇಳ್ಲಾ?" ಎಂದು ಅಮ್ಮ ಕೇಳಿದಳು.

"ಬೇಡ. ಸರಿಸಿದ್ದು ನಾನು, ನಾನೇ ಹೇಳ್ತೀನಿ."

ಹೇಳಬೇಕಲ್ಲ! ದಿನಾ ಸಂಜೆ ದೊಡ್ಡಪ್ಪನ ಅಂಗಡಿಗೆ ಹೋದಳು. ಗುಂಡಿ ಡಬ್ಬಿ ಕಲಕಿದಳು, ಟೇಪು ಸುತ್ತಿದಳು, ಬಿಚ್ಚಿದಳು. ಅವರು ಭಾನುವಾರಕ್ಕೆಂದೇ ತಮಗೊಂದು ಹೊಸ ಅಂಗಿ ಹೊಲಿಯುತ್ತಿದ್ದರು. ಬಾಯಿಗೆ ಬಂದ ಮಾತು ಹಾಗೇ ವಾಪಸ್ ಹೋಗುತ್ತಿತ್ತು.

ಭಾನುವಾರ ಬಂದೇ ಬಂತು. ದೊಡ್ಡಪ್ಪ ಮೂರೂವರೆಗೇ ಹಾಜರ್. ಹೊಸ ಅಂಗಿ, ಅಭ್ಯಾಸಬಲದಿಂದ ಕಿವಿಯಲ್ಲಿ ಪೆನ್ಸಿಲ್. ಲಾಯರ್ ತನ್ನ ತಮ್ಮನನ್ನೂ ಸಾಕ್ಷಿಗೆಂದು ಕರೆತಂದಿದ್ದಳು.

"ಎಲ್ಲಿ ನಿಮ್ ದೊಡ್ಡಪ್ಪ?" ಹೆಸರುಗಳು ಬರುವಾಗಲೇ ಶುರು ಹಚ್ಚಿಕೊಂಡಳು.

"ತಡ್ಕೊಳ್ಳೇ!"

ಬುಗುರಿ ಒಮ್ಮೆ ಕಿಟಕಿಗೆ, ಒಮ್ಮೆ ಬಾಗಿಲಿಗೆ ಓಡಾಡಿದಳು. ಅಮ್ಮ ಅವಳನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಬಸ್‌ಸ್ಟ್ಯಾಂಡ್ ಬಂತು. ಬೆಂಚು ಬಂತು. ಹೀರೋಯಿನ್ ಒಬ್ಬಳೇ ಬಂದು ಕೂತಳು.

ದೊಡ್ಡಪ್ಪ ಮುಂದಕ್ಕೆ ಬಗ್ಗಿದರು. "ಇದೇ ಸೀನು! ಆದ್ರೆ… ನಾನೆಲ್ಲಿ?"

ಬುಗುರಿ ಅಡುಗೆಮನೆಗೆ ಓಡಿ ಸ್ಟೂಲು ಎತ್ತಿಕೊಂಡು ಬಂದಳು. ಟೀವಿಯ ಎಡಗಡೆ, ಅದರ ಸಾಲಿಗೇ ಇಟ್ಟಳು.

"ದೊಡ್ಡಪ್ಪಾ, ಏಳಿ, ಬೇಗ! ಇಲ್ಲಿ ಕೂತ್ಕೊಳ್ಳಿ!"

"ಅಲ್ಲಿಂದ ಟೀವಿ ಕಾಣಲ್ವಲ್ಲೇ?"

"ನಿಮ್ಮನ್ನ ಬಿಟ್ಟಿದ್ದು ನಾನೇ ದೊಡ್ಡಪ್ಪ. ಟೀವೀಲಿ ಹಿಡಿಸ್ಲಿಲ್ಲ. ಆದ್ರೆ ಸಿನಿಮಾ ಇಲ್ಲೀವರೆಗೂ ಇದೆ!"

ದೊಡ್ಡಪ್ಪ ಟೀವಿ ನೋಡಿದರು. ಸ್ಟೂಲು ನೋಡಿದರು. ಅವರ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ಎದ್ದು, ಅಂಗಿ ಸರಿಮಾಡಿಕೊಂಡು ಬಂದು ಕೂತರು.

ಟೀವಿಯೊಳಗಿನ ಹುಡುಗಿ ತಲೆಯೆತ್ತಿ ಎಡಕ್ಕೆ ತಿರುಗಿದಳು. ನೇರ ದೊಡ್ಡಪ್ಪನ ಕಡೆಗೆ.

"ಅಣ್ಣಾ, ಕೊನೇ ಬಸ್ಸು ಹೋಗ್ಬಿಡ್ತಾ?"

ದೊಡ್ಡಪ್ಪ ಕಿವಿಯಿಂದ ಪೆನ್ಸಿಲ್ ತೆಗೆದರು. ನಿಧಾನವಾಗಿ ಎರಡು ಸಲ ತಲೆಯಾಡಿಸಿದರು. ಅವಳ ಕಣ್ಣಲ್ಲಿ ನೀರು ಉಕ್ಕಿತು.

ಲಾಯರ್ ಇನ್ನಷ್ಟು ಮುಂದಕ್ಕೆ ಜರುಗಿ ಕೂತಳು. ಅವಳ ತಮ್ಮ ಒಮ್ಮೆ ಟೀವಿಯನ್ನು, ಒಮ್ಮೆ ದೊಡ್ಡಪ್ಪನನ್ನು ನೋಡುತ್ತಿದ್ದ.

"ಅತ್ತಳಾ?" ದೊಡ್ಡಪ್ಪ ಪಿಸುಗುಟ್ಟಿದರು.

"ಅತ್ತಳು, ದೊಡ್ಡಪ್ಪ."

"ಹಾಗಿದ್ರೆ ಸರಿ," ಎಂದು ಅವರು ಪೆನ್ಸಿಲ್ ಮತ್ತೆ ಕಿವಿಗೆ ಸಿಕ್ಕಿಸಿಕೊಂಡರು.

ಬುಗುರಿ ಅವರ ಕಾಲ ಬಳಿ ಕೂತಳು. ಅಲ್ಲಿಂದ ಪರದೆ ಒಂದಿಷ್ಟೂ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ಆದರೂ ಸಿನಿಮಾ ಮುಗಿಯುವವರೆಗೆ ಅವಳು ಅಲ್ಲಾಡಲಿಲ್ಲ.